ಶನಿವಾರದ ಪಾಳಿ

"ಏ, ಯಾರಬೇ ಆಕಿ! ಕಾಲು ತಗೀ ಮೊದಲ! ಮ್ಯಾಲ ಬಾ!"

ನವಲಗುಂದ ತಾಲೂಕಿನ ತಿರ್ಲಾಪುರದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಸ್ವಾಗತದ ಮಾತು ಇದು. ಬೆಳಗಿನ ಆರೂಕಾಲು ಗಂಟೆ. ಊರ ಕೆರೆಯ ಮೂರನೆಯ ಮೆಟ್ಟಿಲಿನಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ, ಬಲಗೈಯಲ್ಲಿ ಸಾಬೂನು ಹಿಡಿದು ನಾನು ನಿಂತಿದ್ದೆ. ಚಪ್ಪಲಿ ಕಾಲಲ್ಲೇ ಇತ್ತು. ಹಿಂದಿನ ಸಂಜೆ ಬಸ್ಸಿನಿಂದ ಇಳಿದು ಮನೆ ತಲುಪುವಷ್ಟರಲ್ಲಿ ಇಲ್ಲಿನ ಕಪ್ಪು ಮಣ್ಣು ಮೊಣಕಾಲವರೆಗೆ ಮೆತ್ತಿಕೊಂಡಿತ್ತು. ಮನೆಯಲ್ಲಿದ್ದ ಒಂದೇ ಕೊಡ ನೀರನ್ನು ಮುಟ್ಟಬೇಡ ಎಂದಿದ್ದಳು ಮಗಳು. ಹಾಗಾಗಿ ಬೆಳಗಾದ ಕೂಡಲೇ ಕೆರೆ ಎಲ್ಲಿದೆ ಎಂದು ಕೇಳಿಕೊಂಡು ಹೊರಟುಬಿಟ್ಟಿದ್ದೆ.

ಕೂಗಿದವರು ಏರಿಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ನನ್ನದೇ ವಯಸ್ಸು, ಹಣೆಯ ತುಂಬ ವಿಭೂತಿ, ಇಳಕಲ್ ಸೀರೆ. ನಾನು ಮೇಲೆ ಬಂದ ಮೇಲೆ ಮುಖ ನೋಡಿ ಗುರುತು ಹಿಡಿದರು.

"ನೀವ ಏನ್ರಿ, ನಮ್ಮ ಸುಧವ್ವನ ತಾಯಿ? ದವಾಖಾನಿಯಾಗ ದೊಡ್ಡ ಸಿಸ್ಟರ್ ಇದ್ದವರು? ನಿಮ್ಮ ಕಡೆ ಕುಡಿಯೂ ಕೊಡದಾಗ ಕಾಲು ತೊಳಕೋತಾರೇನ್ರಿ?"

ನೀವೆಲ್ಲ ಮೈಸೂರಿನ ಕಡೆಯವರು, ನನ್ನ ತಪ್ಪು ನಿಮಗೆ ತಪ್ಪಾಗಿ ಕಾಣಲಾರದು. ನಮ್ಮಲ್ಲಿ ಕೆರೆಯೆಂದರೆ ಗದ್ದೆಗೆ ನೀರು, ಎಮ್ಮೆಗೆ ಸ್ನಾನ, ಬಟ್ಟೆಗೆ ಕಲ್ಲು. ಕುಡಿಯಲು ಬಾವಿ ಇದೆ, ನಲ್ಲಿ ಇದೆ. ಇಲ್ಲಿ ಬಾವಿ ತೋಡಿದರೆ ಬರುವುದು ಸವಳು ನೀರು, ಅಂದರೆ ಬಾಯಿಗಿಡಲಾಗದಷ್ಟು ಉಪ್ಪು. ಇಡೀ ಊರು ಕುಡಿಯುವುದು, ಬೇಳೆ ಬೇಯಿಸುವುದು ಕೆರೆಯ ನೀರಿನಿಂದ. ಆದ್ದರಿಂದ ಚಪ್ಪಲಿಯನ್ನು ಏರಿಯಾಚೆ ಬಿಡಬೇಕು. ಬಟ್ಟೆ, ದನ, ಸಾಬೂನು ಒಳಗೆ ಬರಕೂಡದು. ಕೊಡ ಮುಳುಗಿಸುವಾಗ ಪಾದ ನೀರಿಗೆ ತಾಗಬಾರದು. ಕುಡಿಯುವ ನೀರಿಗೆ ಕಾಲಿಡಬಾರದು ಎಂದು ಮೂವತ್ತು ವರ್ಷ ಎಳೆಯ ನರ್ಸುಗಳಿಗೆ ಪಾಠ ಹೇಳಿದವಳು ನಾನು. ಆ ಪಾಠವನ್ನು ಓದದೆಯೇ ಪಾಲಿಸುತ್ತಿದ್ದ ಊರಿನಲ್ಲಿ, ಬಂದ ಮೊದಲ ಬೆಳಗ್ಗೆಯೇ ಸಾಬೂನಿನ ಸಮೇತ ಸಿಕ್ಕಿಬಿದ್ದೆ.

ಶಿಕ್ಷೆಯೂ ಅಲ್ಲೇ ತೀರ್ಮಾನವಾಯಿತು. ಕೆರೆ ಕಾಯಲು ಇಲ್ಲಿ ಪಾಳಿ ಇದೆ. ವಾರದ ಒಂದೊಂದು ದಿನ ಒಂದೊಂದು ಓಣಿಗೆ. ನಮ್ಮ ಓಣಿಯದು ಶನಿವಾರ. ಕೆರೆ ಕೆಡಿಸಿದವರು ಒಂದು ತಿಂಗಳು ತಮ್ಮ ಓಣಿಯ ಪಾಳಿ ಮಾಡಬೇಕು. ಬೆಳಗಿನ ಆರರಿಂದ ಒಂಬತ್ತರವರೆಗೆ ಏರಿಯ ಮೇಲೆ ಕೂತು ಯಾರ ಕಾಲೂ ನೀರಿಗೆ ಇಳಿಯದಂತೆ ನೋಡಿಕೊಳ್ಳಬೇಕು.

"ಆಗೂದಿಲ್ಲ ಅನ್ನಬ್ಯಾಡ್ರಿ ಮತ್ತ," ಎಂದರು ಅವರು.

ಆಗುವುದಿಲ್ಲ ಎಂದು ನಾನು ಡ್ಯೂಟಿಗೆ ಎಂದೂ ಹೇಳಿದವಳಲ್ಲ. ಆದರೆ ಆ ಮೂರು ಗಂಟೆ ಮಗಳನ್ನು ಯಾರು ನೋಡಿಕೊಳ್ಳಬೇಕು ಎಂಬುದೇ ನನ್ನ ಚಿಂತೆಯಾಗಿತ್ತು.

ನಾನು ಇಷ್ಟು ದೂರ ಬಂದದ್ದೇ ಅವಳಿಗಾಗಿ. ಸುಧಾಳಿಗೆ ಎರಡು ಬಾರಿ ಗರ್ಭ ನಿಂತಿರಲಿಲ್ಲ. ಇದು ಮೂರನೆಯದು, ನಾಲ್ಕನೆಯ ತಿಂಗಳು. ಹುಬ್ಬಳ್ಳಿಯ ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದರು: ಹೆರಿಗೆಯಾಗುವವರೆಗೆ ಮಂಚ ಬಿಟ್ಟು ಏಳಬಾರದು, ಮಂಚದ ಕಾಲ್ದೆಸೆಗೆ ಎರಡೆರಡು ಇಟ್ಟಿಗೆ ಕೊಡಬೇಕು, ಬಸ್ಸು, ಎತ್ತಿನ ಚಕ್ಕಡಿಯ ಮಾತೇ ಎತ್ತಬಾರದು. ಅಳಿಯ ಮಾಧವ ಕಾಲುವೆ ಇಲಾಖೆಯಲ್ಲಿದ್ದಾನೆ. ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾನೆ, ಮಳೆ ಬಂದರೆ ಕ್ಯಾಂಪಿನಲ್ಲೇ ಉಳಿಯುತ್ತಾನೆ. ಮಗಳು ತವರಿಗೆ ಬರುವಂತಿರಲಿಲ್ಲ. ತವರೇ ಟ್ರಂಕು ಹೊತ್ತುಕೊಂಡು ಹೊರಟಿತು.

ಅವರಿಗೆ ಬಾಡಿಗೆಗೆ ಸಿಕ್ಕಿದ್ದು ಒಂದು ದೊಡ್ಡ ಮಣ್ಣಿನ ಮಾಳಿಗೆ ಮನೆಯ ಅರ್ಧ ಭಾಗ. ಇನ್ನರ್ಧದಲ್ಲಿ ಮನೆಯೊಡತಿ. ಯಾರೆಂದು ಊಹಿಸಿರುತ್ತೀರಿ. ಏರಿಯ ಮೇಲೆ ಕೂಗಿದ ಅದೇ ನೀಲವ್ವ. ನಾನು ಬಂದಿಳಿದ ಸಂಜೆ ಅವರು ಹೊಲದಲ್ಲಿದ್ದರು. ನಮ್ಮಲ್ಲಿ ಕೊಟ್ಟಿಗೆ ಹಿತ್ತಲಲ್ಲಿರುತ್ತದೆ. ಇಲ್ಲಿ ತಲೆಬಾಗಿಲು ದಾಟಿದರೆ ಮೊದಲು ಸಿಗುವುದೇ ಎರಡು ಎತ್ತು, ಒಂದು ಎಮ್ಮೆ. ಆಮೇಲೆ ಎತ್ತರದ ಪಡಸಾಲೆ, ಅಲ್ಲಿ ಮನುಷ್ಯರು. ರೋಗಿಯಿಂದ ಹನ್ನೆರಡು ಅಡಿ ದೂರದಲ್ಲಿ ಎಮ್ಮೆ! ಅದನ್ನು ಹೊರಗೆ ಕಟ್ಟಲಾಗುವುದೇ ಎಂದು ವಿನಯದಿಂದಲೇ ಕೇಳಿದೆ.

"ಎಮ್ಮಿ ನಿಮಗಿಂತ ಮೊದಲ ಬಂದೈತ್ರಿ ಅಕ್ಕಾರ," ಎಂದರು ನೀಲವ್ವ. ಚರ್ಚೆ ಮುಗಿಯಿತು.

ಎಮ್ಮೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ವ್ಯವಸ್ಥೆಗೆ ತಂದೆ. ಐದೂವರೆಗೆ ಮುಖ ತೊಳೆಸುವುದು, ಆರಕ್ಕೆ ನಾಡಿ ಮತ್ತು ಜ್ವರ ನೋಡುವುದು, ಏಳಕ್ಕೆ ಗಂಜಿ, ಎಂಟಕ್ಕೆ ಹಾಸಿಗೆ ಬದಲಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು. ಮಂಚದ ಕಾಲ್ದೆಸೆಗೆ ಚಾರ್ಟು ತೂಗುಹಾಕಿದೆ. ಹೆರಿಗೆಯ ದಿನದವರೆಗೆ ಚೌಕಗಳನ್ನು ಎಳೆದು ದಿನಕ್ಕೊಂದನ್ನು ಅಡ್ಡಗೆರೆ ಹಾಕಿ ಹೊಡೆಯುತ್ತಿದ್ದೆ. ತಲೆಬಾಗಿಲಿಗೆ ಒಂದು ಹಲಗೆ ಹೊಡೆಸಿ ದುಂಡಗಿನ ಅಕ್ಷರದಲ್ಲಿ ಬರೆದೆ: "ಭೇಟಿಯ ವೇಳೆ ಸಂಜೆ ೪ರಿಂದ ೫."

ಇಲ್ಲಿನವರಿಗೆ ಭೇಟಿಗೆ ವೇಳೆ ಎಂಬುದಿಲ್ಲ. ರೊಟ್ಟಿ ಬಡಿದು ಕೈ ತೊಳೆದವರು ಒದ್ದೆ ಕೈಯಲ್ಲೇ ಬರುತ್ತಾರೆ, "ಏನ್ ಮಾಡಾಕತ್ತೀರಿ?" ಎನ್ನುತ್ತಾರೆ, ಕೂರುತ್ತಾರೆ, ಸುಮ್ಮನೆ ಎದ್ದು ಹೋಗುತ್ತಾರೆ. ಅವರನ್ನೆಲ್ಲ ನಾನು ಬಾಗಿಲಲ್ಲೇ ತಡೆದು ಹಲಗೆ ತೋರಿಸಿದೆ. ನಗುತ್ತ ಹಿಂದಿರುಗಿದರು. ನಾಲ್ಕರಿಂದ ಐದರವರೆಗೆ ನಾನು ಕುರ್ಚಿ ಹಾಕಿ ಕಾದೆ. ಒಬ್ಬರೂ ಬರಲಿಲ್ಲ. ನಾಲ್ಕನೆಯ ದಿನ ನೀಲವ್ವನನ್ನೇ ಕೇಳಿದೆ.

"ನಾಕರಿಂದ ಐದು ಅಂದ್ರ ಹೊಲದಿಂದ ಬರೂ ಹೊತ್ತು, ಎಮ್ಮಿ ಹಿಂಡೂ ಹೊತ್ತು. ಎಮ್ಮಿಗೆ ನಿಮ್ಮ ಬೋರ್ಡು ಓದಾಕ ಬರೂದಿಲ್ಲಲ್ರೀ!"

ಹೀಗೆ ಮೂರು ವಾರ ನಮ್ಮ ಮನೆ ಒಂದೇ ಹಾಸಿಗೆಯ ವಾರ್ಡಾಯಿತು. ಶನಿವಾರ ಮಾಧವ ರಜೆ ಹಾಕಿ ಮನೆಯಲ್ಲಿರುತ್ತಿದ್ದ, ನಾನು ಪಾಳಿಗೆ ಹೋಗುತ್ತಿದ್ದೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಚಾರ್ಟಿನ ಪ್ರಕಾರ ನಾಡಿ ಸರಿ, ಜ್ವರವಿಲ್ಲ. ಸುಧಾ ಮಾತ್ರ ಮಾತು ಕಡಿಮೆ ಮಾಡಿದಳು. ಗಂಜಿ ಅರ್ಧ ಉಳಿಯತೊಡಗಿತು. ಒಂದು ಮಧ್ಯಾಹ್ನ ಗೋಡೆಯ ಕಡೆ ತಿರುಗಿಕೊಂಡೇ ಕೇಳಿದಳು:

"ಅಮ್ಮಾ, ನಾನು ಎಷ್ಟನೇ ನಂಬರ್ ಬೆಡ್ಡು?"

ತಮಾಷೆಗೆಂದುಕೊಂಡೆ. "ಒಂದನೇದು" ಎಂದೆ.

"ಈ ಸಲವೂ ಹೋದರೆ ಚಾರ್ಟನ್ನ ಏನು ಮಾಡ್ತೀಯ?"

ಅರ್ಧ ಉಳಿದ ಗಂಜಿಯ ಬಟ್ಟಲನ್ನು ಎತ್ತಿಕೊಂಡು ನಾನು ಹೊರಗೆ ಬಂದೆ. ಹೊಟ್ಟೆಯಲ್ಲಿರುವ ಕೂಸಿನ ಕಾವಲಿಗೆ ನಿಂತು ಹೊತ್ತಿರುವವಳನ್ನೇ ಮರೆತುಬಿಟ್ಟಿದ್ದೆನೇನೋ ಎಂಬ ಭಯ ಅಂದು ಹುಟ್ಟಿತು.

ಮರುದಿನ ಶನಿವಾರ. ಮಾಧವನಿಗೆ ರಜೆ ಸಿಕ್ಕಿರಲಿಲ್ಲ. ಪಾಳಿ ತಪ್ಪಿಸುವ ಹಾಗಿರಲಿಲ್ಲ. "ನಾ ಕುಂದರತೇನಿ, ಹೋಗ್ರಿ ನೀವು," ಎಂದರು ನೀಲವ್ವ. ಅರ್ಧ ಗಂಟೆಯ ಸೂಚನೆಗಳನ್ನು ಕೊಟ್ಟು ಹೋದೆ. ಒಂಬತ್ತಕ್ಕೆ ಹಿಂದಿರುಗಿದಾಗ ಬಾಗಿಲಲ್ಲೇ ನಿಂತೆ. ಒಳಗೆ ನಗು ಕೇಳಿಸುತ್ತಿತ್ತು. ಅದರಲ್ಲಿ ಒಂದು ನನ್ನ ಮಗಳದು.

ಮಂಚದ ಸುತ್ತ ನಾಲ್ಕು ಜನ ಹೆಂಗಸರು ಮಣೆ ಹಾಕಿಕೊಂಡು ಕೂತಿದ್ದರು. ಸುಧಾಳ ಮೇಲೆ ಹಳೆಯ ಸೀರೆಗಳ ಪದರ ಹರಡಿತ್ತು, ಅದರ ಮೇಲೆ ಬಣ್ಣಬಣ್ಣದ ತುಂಡುಗಳು. ಒಬ್ಬೊಬ್ಬರು ಒಂದೊಂದು ಅಂಚು ಹಿಡಿದು ದಪ್ಪ ದಾರದಿಂದ ಹೊಲಿಯುತ್ತಿದ್ದರು. ಇದಕ್ಕೆ ಇಲ್ಲಿ ಕೌದಿ ಎನ್ನುತ್ತಾರೆ. ಹಾಸಲಿಕ್ಕೂ ಅದೇ, ಹೊದೆಯಲಿಕ್ಕೂ ಅದೇ. ಅಂಚಿನಿಂದ ಹೊಲಿಗೆ ಶುರುವಾಗಿ ಸುತ್ತುಸುತ್ತಾಗಿ ನಡುವಿಗೆ ಬಂದು ಮುಗಿಯುತ್ತದೆ.

"ಅಂಚು ನಮ್ಮವು, ನಡು ಸುಧವ್ವಂದು," ಎಂದರು ನೀಲವ್ವ. "ಆಕಿ ಏಳೂದು ಬ್ಯಾಡ, ಕೌದಿನ ಆಕಿ ಕಡೆ ಬರ್ತೈತಿ."

"ಮಗುವಿಗಾಗಿಯೇ?" ಎಂದೆ.

ನಾಲ್ಕೂ ಸೂಜಿ ನಿಂತವು. "ಹುಟ್ಟೂತನಕ ಕೂಸಿನ ಹೆಸರು ಎತ್ತಬ್ಯಾಡ್ರಿ," ಎಂದರು ನೀಲವ್ವ. "ಇದು ಸುಧವ್ವನ ಕೌದಿ."

ಅದೇ ಸಂಜೆ ಹಲಗೆಯನ್ನು ಕಿತ್ತೆ. ಗಟ್ಟಿ ಹಲಗೆ, ಎಸೆಯಲು ಮನಸ್ಸಾಗಲಿಲ್ಲ. ನೀರಿನ ಗಡಿಗೆಗೆ ಮುಚ್ಚಳ ಮಾಡಿದೆ.

ನಾನು ಶಿಸ್ತನ್ನು ಬಿಟ್ಟೆನೆಂದು ತಿಳಿಯಬೇಡಿ. ಐದೂವರೆ ಐದೂವರೆಯೇ. ಆದರೆ ಜೊತೆಗೆ ಇನ್ನೊಂದು ಪಟ್ಟಿ ಸಿದ್ಧವಾಯಿತು. ಅದನ್ನು ಬರೆದವಳು ಸುಧಾ, ಮಲಗಿಕೊಂಡೇ. ಯಾರು ಎಂದು ಹೊಲಿಯಲು ಬರುತ್ತಾರೆ, ಯಾರು ನಮಗೆ ಕೊಡ ನೀರು ತರುತ್ತಾರೆ, ಯಾರ ಮಿಲಿಟರಿ ಮಗನಿಗೆ ಸುಧಾ ಕಾಗದ ಬರೆದುಕೊಡಬೇಕು, ಯಾರಿಗೆ ಸಹಿ ಕಲಿಸಬೇಕು. ತಿಂಗಳು ಮುಗಿದು ನನ್ನ ಶಿಕ್ಷೆ ತೀರಿದ ಮೇಲೂ ಶನಿವಾರ ನಾನೇ ಏರಿಗೆ ಹೋದೆ.

ಏರಿಯ ಮೇಲೆ ಕೂತು ಇಲ್ಲಿನ ಕನ್ನಡ ಕಲಿತೆ. ಇಲ್ಲಿನವರ ಮಾತು ಮೊದಲಿಗೆ ಜಗಳದಂತೆ ಕೇಳಿಸುತ್ತದೆ. ಜಗಳವಾಡುವಾಗಲೂ 'ರೀ' ಹಚ್ಚುತ್ತಾರೆಂಬುದು ಆಮೇಲೆ ತಿಳಿಯುತ್ತದೆ. ರೊಟ್ಟಿ ಬಡಿಯಲು ಕಲಿಸಿದವಳು ನಮ್ಮ ಓಣಿಯ ಹುಸೇನಬಿ. ನನ್ನ ಮೊದಲ ಜೋಳದ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ಹೇಳಿದಳು: "ಇದು ರೊಟ್ಟಿ ಅಲ್ರಿ ಅಕ್ಕಾರ, ಇದು ನಕಾಶಿ. ಇಲ್ಲಿ ನಿಮ್ಮ ಮೈಸೂರು ಕಾಣಾಕತ್ತೈತಿ ನೋಡ್ರಿ." ನಮ್ಮಲ್ಲಿ ಅನ್ನ ಕೆಟ್ಟರೆ ಮುಚ್ಚಿಡಬಹುದು. ರೊಟ್ಟಿ ಕೆಟ್ಟರೆ ಓಣಿಗೆಲ್ಲ ಗೊತ್ತಾಗುತ್ತದೆ, ಬಡಿಯುವ ಸದ್ದಿನಿಂದಲೇ.

ಏಳನೆಯ ತಿಂಗಳಿಗೆ ಹಿಂಗಾರು ಮಳೆ ಹಿಡಿಯಿತು. ಇಲ್ಲಿನ ಕಪ್ಪು ಎರೆಭೂಮಿ ನೆನೆದರೆ ಏನಾಗುತ್ತದೆಂದು ನಮ್ಮ ಕೆಂಪು ಮಣ್ಣಿನವರಿಗೆ ತಿಳಿಯದು. ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಕಾಲಿಗೆ ಬರುತ್ತದೆ, ಎರಡನೆಯ ಹೆಜ್ಜೆಗೆ ಚಪ್ಪಲಿ ಉಳಿದುಬಿಡುತ್ತದೆ. ಚಕ್ಕಡಿಯ ಗಾಲಿ ತಿರುಗುವುದಿಲ್ಲ. ನವಲಗುಂದದ ದಾರಿಯ ಹಳ್ಳ ತುಂಬಿ ಬಸ್ಸು ನಿಂತಿತು. ಟಪಾಲು ನಿಂತಿತು. ಮಾಧವ ಹಳ್ಳದ ಆಚೆ ಕ್ಯಾಂಪಿನಲ್ಲಿ ಉಳಿದ. ಒಂಬತ್ತು ದಿನ ಅವನ ಸುದ್ದಿ ನಮಗಿಲ್ಲ, ನಮ್ಮ ಸುದ್ದಿ ಅವನಿಗಿಲ್ಲ. ಹೊಲದಲ್ಲಿ ಕಾಲಿಡಲಾಗದ್ದರಿಂದ ಹೆಂಗಸರಿಗೆ ಬಿಡುವು. ಕೌದಿಯ ಸುತ್ತ ನಾಲ್ವರಿದ್ದದ್ದು ಆರಾಯಿತು.

ಆರನೆಯ ದಿನ ಮಧ್ಯಾಹ್ನ ಎರಡೂ ಹತ್ತಕ್ಕೆ ಸುಧಾಳ ಸೂಜಿ ಕೈಯಿಂದ ಜಾರಿತು. "ಅಮ್ಮಾ," ಎಂದಳು, ಅಷ್ಟೇ. ಹೊಟ್ಟೆ ಮುಟ್ಟಿ ನೋಡಿದೆ. ಕಲ್ಲಿನಂತೆ ಬಿಗಿದಿತ್ತು. ಎರಡು ತಿಂಗಳು ಮೊದಲೇ ನೋವು ಶುರುವಾಗಿತ್ತು.

ಆ ಕಾಲಕ್ಕೆ, ಆ ಊರಿನಲ್ಲಿ, ಏಳು ತಿಂಗಳ ಕೂಸು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಡಾಕ್ಟರಮ್ಮ ಕೊಟ್ಟಿದ್ದ ಮಾತ್ರೆ ನುಂಗಿಸಿದೆ. ಕಾಲ್ದೆಸೆಗೆ ಇನ್ನೊಂದು ಜೊತೆ ಇಟ್ಟಿಗೆ ಕೊಡಿಸಿದೆ, ಎಡಮಗ್ಗುಲಿಗೆ ತಿರುಗಿಸಿದೆ. ಮಾಡಬಹುದಾದದ್ದು ಅಲ್ಲಿಗೆ ಮುಗಿಯಿತು. ಇನ್ನು ನೋವಿಗೂ ನೋವಿಗೂ ನಡುವಿನ ಅಂತರ ನೋಡುತ್ತ ಕೂರಬೇಕು. ಅಂತರ ಹೆಚ್ಚಿದರೆ ಗೆದ್ದೆವು, ಕಡಿಮೆಯಾದರೆ ಸೋತೆವು. ಗಡಿಯಾರ ಹಿಡಿದೆ. ಸಾವಿರ ಹೆರಿಗೆಗಳಲ್ಲಿ ತಪ್ಪದ ಲೆಕ್ಕ ಎರಡು ಸಲ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸತೊಡಗಿದೆ.

ನೀಲವ್ವ ಅದನ್ನು ನೋಡಿದರು. ಗಡಿಯಾರವನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟರು. ನನಗೊಂದು ಸೂಜಿ ಪೋಣಿಸಿ ಕೊಟ್ಟರು.

"ಕುಂದರ್ರಿ. ನೋವು ಬಂದಾಗ ಸುಧವ್ವ ಹೇಳ್ತಾಳ. ಅಲ್ಲೀತನಕ ಹೊಲೀರಿ. ಎಷ್ಟು ಸಾಲು ಹೊಲದ್ವಿ ಅನ್ನೂದ ಲೆಕ್ಕ. ಏ ಹುಸೇನಬಿ, ಬಾಯಿ ಮುಚ್ಚಿಕೊಂಡು ಕುಂತೀಯಲ್ಲ, ಮಾತಾಡು. ಮನ್ಯಾಗ ಯಾರೂ ಸತ್ತಿಲ್ಲ."

"ಏನ್ ಮಾತಾಡ್ಲಿ?"

"ದಿನಾ ಬ್ಯಾಡಂದ್ರೂ ಮಾತಾಡ್ತೀ. ಇವತ್ತು ಬೇಕಂದ್ರ ಬರೂದಿಲ್ಲೇನು?"

ಸುಧಾ ಹಲ್ಲು ಕಚ್ಚಿಕೊಂಡೇ ನಕ್ಕಳು. ಹುಸೇನಬಿ ಶುರುಮಾಡಿದಳು. ತನ್ನ ಅತ್ತೆಯನ್ನು ಯಮನೂರು ದರ್ಗಾಕ್ಕೆ ಕರೆದುಕೊಂಡು ಹೋದಾಗ ಆ ಮುದುಕಿ ದಾರಿಯುದ್ದಕ್ಕೂ ಚಕ್ಕಡಿ ಹೊಡೆಯುವವನಿಗೆ ಚಕ್ಕಡಿ ಹೊಡೆಯುವುದನ್ನು ಕಲಿಸಿದ ಕಥೆ. ನಾವು ಹೊಲಿದೆವು. ಮೊದಲ ನೋವಿಗೂ ಎರಡನೆಯದಕ್ಕೂ ನಡುವೆ ಒಂದು ಸಾಲೂ ಪೂರಾ ಆಗಲಿಲ್ಲ. ಆಮೇಲೆ ಒಂದು ಸಾಲು. ಮತ್ತೆ ಒಂದೇ. ನಾನು ತಲೆ ಎತ್ತಲಿಲ್ಲ. ಹೊರಗೆ ಮಳೆ, ಒಳಗೆ ಎಮ್ಮೆ ಮೆಲುಕು ಹಾಕುವ ಸದ್ದು, ಹುಸೇನಬಿಯ ಅತ್ತೆಯ ಬೈಗುಳ. ಮೂರೂವರೆ ಸುಮಾರಿಗೆ ಎರಡು ಸಾಲಾಯಿತು. ಎಲ್ಲರ ಸೂಜಿಯೂ ಬಿರುಸಾಯಿತು. ಆಮೇಲೆ ನಾಲ್ಕು ಸಾಲು. ಮುಂದಿನ ನೋವಿಗಾಗಿ ಕಾಯುತ್ತ ಐದನೆಯದು ಮುಗಿಯಿತು, ಆರನೆಯದು ಮುಗಿಯಿತು.

"ಸುಧವ್ವಾ?" ಎಂದರು ನೀಲವ್ವ.

ನಾನು ಸೂಜಿ ಕೆಳಗಿಟ್ಟೆ. ಬಗ್ಗಿ ನೋಡಿದೆ. ಕೌದಿಯ ನಡುವಿನ ಮೇಲೆ ಕೈಯಿಟ್ಟುಕೊಂಡು ಸುಧಾ ನಿದ್ದೆ ಹೋಗಿದ್ದಳು. ಹೊಟ್ಟೆ ಮುಟ್ಟಿದೆ. ಮೆತ್ತಗಾಗಿತ್ತು. ಒಳಗಿನಿಂದ ಒಂದು ಸಣ್ಣ ಒದೆತ ನನ್ನ ಅಂಗೈಗೆ ಬಂತು.

"ಎಮ್ಮಿ ಹಿಂಡೂ ಹೊತ್ತಾತು," ಎಂದು ನೀಲವ್ವ ಎದ್ದರು. ಗೂಡಿನಿಂದ ಗಡಿಯಾರ ತೆಗೆದು ನನಗೆ ಕೊಟ್ಟರು. ಐದಕ್ಕೆ ಐದು ನಿಮಿಷವಿತ್ತು.

ಅಂದಿನ ಸಾಲುಗಳು ಇಂದಿಗೂ ಆ ಕೌದಿಯಲ್ಲಿ ಗುರುತು ಸಿಗುತ್ತವೆ. ಅಲ್ಲಿ ಹೊಲಿಗೆ ದೊಡ್ಡದು, ಸೊಟ್ಟ. ಅತ್ಯಂತ ಸೊಟ್ಟಗಿರುವುದು ನನ್ನದು. ಬಿಚ್ಚಿ ಸರಿಮಾಡುತ್ತೇನೆಂದರೆ ನೀಲವ್ವ ಬಿಡಲಿಲ್ಲ.

ಮಳೆ ಬಿಟ್ಟಿತು, ಹಳ್ಳ ಇಳಿಯಿತು. ಮಾಧವ ಯಮನೂರಿನ ಕಡೆಯಿಂದ ಸುತ್ತಿ ಬಳಸಿ ಅರ್ಧ ದಾರಿ ನಡೆದೇ ಬಂದ. ಬಾಗಿಲಲ್ಲಿ ನಿಂತು ಅವನು ಕೇಳಬೇಕೆಂದಿದ್ದ ಪ್ರಶ್ನೆ ಅವನ ಮುಖದಲ್ಲೇ ಇತ್ತು. ಸುಧಾ ಪಟ್ಟಿ ತೋರಿಸಿ, "ನಾಳೆ ನೀರು ತರುವ ಪಾಳಿ ನಿಮ್ಮದು," ಎಂದಳು. ಅವನು ಕೆಸರುಕಾಲಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ.

ಚಾರ್ಟಿನ ಕೊನೆಯ ಚೌಕಕ್ಕೆ ನಾಲ್ಕು ದಿನವಿರುವಾಗ, ಒಣಗಿದ ರಸ್ತೆಯ ಮೇಲೆ, ಇಲಾಖೆಯ ಜೀಪಿನಲ್ಲಿ ಸುಧಾಳನ್ನು ಹುಬ್ಬಳ್ಳಿಗೆ ಕರೆದೊಯ್ದೆವು. ಹೆಣ್ಣು ಕೂಸು. ಆರು ಪೌಂಡು ಎರಡು ಔನ್ಸು. ಹುಟ್ಟಿದ ಕೂಡಲೇ ಅತ್ತ ರೀತಿಗೆ ಡಾಕ್ಟರಮ್ಮ, "ಇದು ನವಲಗುಂದ ತಾಲೂಕಿನದೇ," ಎಂದರು.

ಊರಿಗೆ ಬಂದಾಗ ಕೌದಿ ಕಾಯುತ್ತಿತ್ತು. ನಡುವೆ ಅಂಗೈಯಗಲ ಹೊಲಿಯದೆ ಬಿಟ್ಟಿದ್ದರು. ಆ ಜಾಗಕ್ಕೆ ನನ್ನ ಟ್ರಂಕಿನಿಂದ ಒಂದು ತುಂಡು ಕೊಟ್ಟೆ. ವಾರ್ಡಿನಲ್ಲಿ ಕೊನೆಯ ದಿನ ಉಟ್ಟಿದ್ದ, ಅಂದಿನಿಂದ ಇಸ್ತ್ರಿ ಮಾಡಿ ಇಟ್ಟಿದ್ದ ಬಿಳಿ ಸೀರೆಯದು. "ಬಿಳೀದು ಲಗೂನ ಹೊಲಸಾಗತೈತಿ," ಎಂದರು ನೀಲವ್ವ. ಆಗಲಿ, ಅದು ಆಗಲೆಂದೇ ಕೊಟ್ಟದ್ದು ಎಂದೆ.

ಮುಚ್ಚುವ ಮುನ್ನ ಒಳಗೊಂದು ಚೂರು ರೊಟ್ಟಿ ಇಡಬೇಕು. ಕೌದಿ ಹಸಿದಿರಬಾರದು, ಅದು ಹಸಿದರೆ ಹೊದ್ದವರಿಗೆ ಬೆಚ್ಚಗಾಗುವುದಿಲ್ಲ ಎಂಬುದು ನೀಲವ್ವನ ಮನೆಯ ಪದ್ಧತಿ. ಹಾಸಿಗೆಯಲ್ಲಿ ರೊಟ್ಟಿಯೇ? ಇರುವೆ ಬರುವುದಿಲ್ಲವೇ? ನನ್ನ ಬಾಯಿಯವರೆಗೆ ಬಂದ ಮಾತನ್ನು ನುಂಗಿದೆ. "ಯಾರು ಬಡಿದ ರೊಟ್ಟಿ?" ಎಂದಷ್ಟೇ ಕೇಳಿದೆ.

"ನಿಮ್ದ ಆಗಬೇಕಲ್ರಿ."

ಹುಸೇನಬಿ ಒಲೆಯ ಬಾಜು ಕೂತು ಕಾವಲು ಕಾದಳು. ಅಂದು ನಾನು ಬಡಿದ ರೊಟ್ಟಿ ಅಂಚು ಒಡೆಯದೆ, ಚಂದ್ರನಂತೆ ದುಂಡಗೆ ಬಂತು. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಅಗದಿ ಛಲೋ ಆಗೈತ್ರಿ. ಆದ್ರ ಮೈಸೂರು ಎಲ್ಲೂ ಕಾಣವಲ್ದು."

ಹೋದ ವಾರ, ಮೊಮ್ಮಗಳಿಗೆ ಮೂರು ತಿಂಗಳು ತುಂಬಿದ ಮೇಲೆ, ನಾನು ಮೈಸೂರಿಗೆ ಬಂದೆ. ನನ್ನ ಮನೆ, ನನ್ನ ನಲ್ಲಿ, ಹಿತ್ತಲಿನ ಮಲ್ಲಿಗೆ. ಎಲ್ಲವೂ ಇಟ್ಟಲ್ಲೇ ಇತ್ತು. ಐದೂವರೆಗೆ ಎದ್ದರೆ ಮನೆಯಲ್ಲಿ ಯಾರ ಉಸಿರೂ ಇಲ್ಲ. ನಲ್ಲಿ ತಿರುಗಿಸಿ ಬರುವ ನೀರನ್ನು ಸುಮ್ಮನೆ ನೋಡುತ್ತ ನಿಲ್ಲುತ್ತೇನೆ. ಬೀದಿಯವರು ಬರುವ ಮೊದಲು ಬರಬಹುದೇ ಎಂದು ಕೇಳಿ ಕಳಿಸುತ್ತಾರೆ. ಅವರ ಸೌಜನ್ಯ ನನಗೀಗ ಬಾಗಿಲಿಗೆ ಹೊಡೆದ ಹಲಗೆಯಂತೆ ಕಾಣುತ್ತದೆ. ಹಾಗೆಂದು ಅಲ್ಲಿನ ಸಾರು ನನಗಿನ್ನೂ ಒಗ್ಗಿಲ್ಲ. ನನ್ನ ಸಾರಿನ ಪುಡಿಯನ್ನು ಎರಡು ಡಬ್ಬಿ ಮಾಡಿಟ್ಟುಕೊಂಡಿದ್ದೇನೆ.

ನಿನ್ನೆ ಬೆಳಿಗ್ಗೆ ನಮ್ಮ ಬಡಾವಣೆಯ ಆಚೆಗಿನ ಕೆರೆಯ ಕಡೆ ವಾಕಿಂಗ್ ಹೋಗಿದ್ದೆ. ಏರಿ ಹತ್ತುವಾಗ ನನಗೇ ತಿಳಿಯದೆ ಚಪ್ಪಲಿ ಬಿಟ್ಟಿದ್ದೆ. ಕೆಳಗೆ ಒಬ್ಬರು, ನಿವೃತ್ತ ಅಧಿಕಾರಿಗಳಿರಬೇಕು, ಬೂಟುಗಾಲನ್ನು ನೀರಿನಲ್ಲಿ ಅದ್ದಿ ಕೆಸರು ತೊಳೆಯುತ್ತಿದ್ದರು.

"ಏ, ಯಾರ್ರೀ ಅವರು! ಕಾಲು ತಗೀರಿ ಮೊದಲ! ಮ್ಯಾಲ ಬರ್ರಿ!"

ಅವರು ಬೆಚ್ಚಿ ಮೇಲೆ ಬಂದರು. ಒದ್ದೆ ಬೂಟಿನಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಿಳಿ ಕೂದಲು, ಬರಿಗಾಲು. "ತಾವು ಯಾವ ಊರಿನವರಮ್ಮ?" ಎಂದು ಮರ್ಯಾದೆಯಿಂದಲೇ ಕೇಳಿದರು.

ಹುಟ್ಟಿದ ಊರಿನಲ್ಲಿ ನಿಂತು ಆ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು. ಕೊನೆಗೆ ನಿಜವನ್ನೇ ಹೇಳಿದೆ. ಇದೇ ಊರಿನವಳು, ಆದರೆ ಗುರುವಾರದ ರೈಲಿಗೆ ಹೊರಡಬೇಕು, ಶನಿವಾರ ನನ್ನ ಪಾಳಿ ಇದೆ.